ಆಡಿನ ಕೊರಳಿನ ಬಿಲ್ಲೆ

ಕಲ್ಲಿಗೆ ಹೊದಿಸಿದ ಬಟ್ಟೆ ಗಾಳಿಗೆ ಎದ್ದು ಬೀಳುತ್ತಿದೆ, ಅಡಿಯಲ್ಲಿ ಇಳಕಲ್ಲಿನ ಕೆಂಪು ಕಲ್ಲು, ಒಂದು ಹೆಸರು ಕಂಡಿತು, ಮುಚ್ಚಿತು, ನನಗೆ ಓದಲು ಬರುತ್ತದೆ, ಮೂರನೇ ಇಯತ್ತೆಯವರೆಗೆ ಅಪ್ಪ ಸಾಲೆಗೆ ಕಳಿಸಿದ್ದ — ಮೂರೇ ಹೆಸರು, ನಮ್ಮೂರು ಮರೋಳದಿಂದ ಆ ದೊಡ್ಡ ಯುದ್ಧಕ್ಕೆ ಹೋದವರು ನಾಲ್ವರು, ನಾಲ್ಕನೆಯವನು ನನ್ನಪ್ಪ ಚಂದಪ್ಪ, ಬರ್ಮಾದ ಕಾಡಿನಲ್ಲಿ ತೊಡೆಗೆ ಗುಂಡು ಬಿದ್ದವನು. ಶಾರವ್ವಾ, ಪುರಾವೆ ತಗೊಂಡ್ ಬಾ ಬೇ, ಪುರಾವೆ ಇಲ್ದ ಹೆಸರು ಹೆಂಗ ಕೆತ್ತಸೂದು, ಎಂದಿದ್ದ ಕಲ್ಲು ನಿಲ್ಲಿಸುವ ಕಮಿಟಿಯ ಸೋಮಲಿಂಗ. ಆ ಮೂವರ ಪುರಾವೆ ಯಾರು ಕೇಳಿದ್ರಪಾ? ಎಂದೆ. ಅವರದು ಊರಿಗೇ ಗೊತ್ತೈತಿ ಬಿಡು. ಆಹಾ, ಊರಿಗೆ! ನಮ್ಮ ಕೇರಿ ಊರಲ್ಲವಂತೆ. ಪುರಾವೆ — ಮತ್ತೆ ಆ ಆಡು ಕಣ್ಣಿಗೆ ಬಂತು, ಬೇಡ, ಈಗ ಬೇಡ.

ಅಪ್ಪ ಕುಂಟುಗಾಲು ಚಾಚಿ ಹೇಳುತ್ತಿದ್ದ, ನನ್ನ ತನ್ನ ಹೆಗಲ ಮ್ಯಾಲ ಹೊತಗೊಂಡು ಬಂದಾಂವ ಆಫ್ರಿಕಾದಾಂವ, ಮೂಸಾ ಅಂತ, ನಮಗಿಂತ ಕಪ್ಪು, ತನ್ನ ಮಗ್ಗಿನ್ಯಾಗಿನ ನೀರು ತಾ ಅರ್ಧ ಕುಡದು ನನಗರ್ಧ ಕೊಟ್ಟ, ನೀ ಯಾವ ಮಂದಿ ಅಂತ ಕೇಳಲಿಲ್ಲ ನೋಡು — ಊರಿಗೆ ಬಂದರೆ ಅದೇ ಅಪ್ಪನ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಮುಂದ ಮೂಸಾ ಸತ್ತ, ಎನ್ನುತ್ತಿದ್ದ ಅಪ್ಪ, ಸತ್ತ ಬಿಳಿ ಸಾಹೇಬರ ಗೋರಿ ಮ್ಯಾಲ ಹೆಸರು ಬರದ್ರು, ಅವನ ಮಣ್ಣಿನ ಮ್ಯಾಲ ಬರೇ ಒಂದು ಗೂಟ, ಅವರೊಳಗೂ ಒಂದು ಕೇರಿ ಇರಬೇಕು ಮಗಳ. ಮೂಸಾನ ಮಗಳೂ ಎಲ್ಲೋ ಹೀಗೆ ಒಂದು ಕಲ್ಲಿನ ಮುಂದೆ ಕೂತಿರಬಹುದೇ, ಅವಳಿಗೂ ಪುರಾವೆ ತಾ ಎಂದರೇ?

ಪುರಾವೆ ಇತ್ತಲ್ಲ, ಆರು ಮೂಲೆಯ ಬಿಲ್ಲೆ, ಯುದ್ಧಕ್ಕೆ ಹೋದದ್ದಕ್ಕೆ ಸರಕಾರ ಕೊಟ್ಟದ್ದು, ಪಟ್ಟೆ ಪಟ್ಟೆ ರಿಬ್ಬನ್ನು, ನಾನೇ, ಆರು ವರ್ಷದವಳು, ನನ್ನ ಆಡು ಚಂದ ಕಾಣಲಿ ಎಂದು ಅದರ ಕೊರಳಿಗೆ ಕಟ್ಟಿದೆ, ಅಪ್ಪ ನಕ್ಕ, ಇರ್ಲಿ ಬಿಡು, ನನ್ನ ಎದಿ ಮ್ಯಾಲ ಯಾರು ನೋಡ್ತಾರ, ಅದರ ಕೊಳ್ಳಾಗರ ನೋಡ್ತಾರ — ಅಮೀನಗಡದ ಸಂತೆಗೆ ಆಡು ಹೋಯಿತು, ಬಿಚ್ಚಬೇಕೆಂದು ಒಬ್ಬರಿಗೂ ನೆನಪಾಗಲಿಲ್ಲ, ಅಯ್ಯೋ ನನ್ನ ಕೈ ಸೇದಿಹೋಗಲಿ.

ಸೋಮಲಿಂಗ ಬಟ್ಟೆ ಎಳೆದ, ಚಪ್ಪಾಳೆ, ನನ್ನ ಕೈಯೂ ಬಡಿಯುತ್ತಿದೆ, ಯಾಕೆ ಬಡಿಯುತ್ತಿದೆ, ಎದ್ದು ಹೇಳಲೇ, ಪುರಾವೆ ಆಡು ಒಯ್ತೋ ಯಪ್ಪಾ ಎಂದು, ನಗುತ್ತಾರೆ — ಒಂದು, ಎರಡು, ಮೂರು, ಕೆಳಗೆ ಇನ್ನೊಂದು ಹೆಸರಿಗೆ ಆಗುವಷ್ಟು ಖಾಲಿ ಕಲ್ಲು, ಅಲ್ಲಿ ಆಡು ಹೋಗುತ್ತಿದೆ, ಧೂಳಿನಲ್ಲಿ, ಹಿಂದಿರುಗಿ ನನ್ನನ್ನೇ ನೋಡುತ್ತ, ಕೊರಳಲ್ಲಿ ಬಿಲ್ಲೆ, ಆ ಕಡೆಗೆ, ಈ ಕಡೆಗೆ, ಬಿಲ್ಲೆ —