ಕಪ್ತಾನನ ಹೆಂಡತಿಯ ಕಿಟಕಿ

ಅಪ್ಪ ಸುಳ್ಳು ಶುರು ಮಾಡುವ ಮೊದಲೇ ನನ್ನ ತಲೆ ಹೌದು ಹೌದು ಎಂದು ಆಡಿಬಿಡುತ್ತದೆ. ಇಷ್ಟು ಸಣ್ಣ ವಿಷಯವೂ ಒಂದು ಚಿಂತೆಯೇ ಎಂದು ಯಾರಾದರೂ ನಕ್ಕಾರು. ಅದಕ್ಕೇ ಯಾರಿಗೂ ಹೇಳಿಲ್ಲ. ಡೈರಿಯಲ್ಲಿ ಬರೆದೆ, ಮರುದಿನ ಓದಿದೆ, ನಾಚಿಕೆಯಾಗಿ ಪುಟ ತಿರುವಿದೆ. ಅದೇ ಸಂಜೆ ಕೋಟೆಯ ಕಿಟಕಿಯ ಹತ್ತಿರ ಮತ್ತೆ ತಲೆ ಆಡಿತು.

ಅಪ್ಪ ಕೋಟೆಯ ಗೈಡು. ಸಮುದ್ರದ ದಂಡೆಯ ಈ ಹಳೆಯ ಊರಿಗೆ ಬಂದವರು ದೀಪಸ್ತಂಭ ನೋಡುತ್ತಾರೆ, ಸುಂಕದ ಮನೆ ನೋಡುತ್ತಾರೆ, ಫಿರಂಗಿಗಳ ಮೇಲೆ ಕುದುರೆಯಂತೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ, ಮಳೆನೀರು ತುಂಬಿಡುತ್ತಿದ್ದ ನೆಲಮಾಳಿಗೆಯೊಳಗೆ ಬಗ್ಗಿ ಕೂಗು ಹಾಕಿ ತಮ್ಮದೇ ಧ್ವನಿ ಕೇಳಿ ಖುಷಿಪಡುತ್ತಾರೆ. ಅಪ್ಪ ಅವರ ಕಡೆಗೆ ಮುಖ ಮಾಡಿ, ಹಿಂದು ಹಿಂದಕ್ಕೆ ನಡೆಯುತ್ತ ಮಾತಾಡುತ್ತಾರೆ. ಯಾವ ಕಲ್ಲು ಎಲ್ಲಿ ಎದ್ದಿದೆ ಎಂದು ಅವರ ಹಿಮ್ಮಡಿಗೆ ಗೊತ್ತು.

ಗುಂಪಿನ ಕೊನೆಯಲ್ಲಿ ನಾನು. ಓದು ಮುಗಿಸಿ ಮನೆಯಲ್ಲಿ ಕೂತಿದ್ದೆ. ಸಂದರ್ಶನಕ್ಕೆ ಹೋದರೆ ಕೇಳಿದ್ದಕ್ಕೆ ಉತ್ತರ ಗೊತ್ತಿರುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಆಗ ಅಪ್ಪನೇ ಕರೆದುಕೊಂಡು ಹೋಗಿ ಈ ಕೆಲಸಕ್ಕೆ ಹಾಕಿದರು. ಮೆಟ್ಟಿಲಲ್ಲಿ ಸುಸ್ತಾಗಿ ಕೂತವರನ್ನು ಎಬ್ಬಿಸುವುದು, ಮರೆತುಬಿಟ್ಟ ಟೋಪಿ ಎತ್ತಿಕೊಳ್ಳುವುದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು. ಮಾತಿಲ್ಲದ ಕೆಲಸ.

"ನಾನು ತಲೆ, ನನ್ನ ಮಗಳು ಬಾಲ," ಎಂದು ಅಪ್ಪ ಎಲ್ಲರಿಗೂ ಪರಿಚಯಿಸುತ್ತಾರೆ. "ನಡುವೆ ಇರೋ ನೀವೆಲ್ಲ ಹೊಟ್ಟೆ. ಅದಕ್ಕೇ ಕೋಟೆಯೊಳಗೆ ಕಾಲಿಟ್ಟ ತಕ್ಷಣ ತಿಂಡಿ ಎಲ್ಲಿ ಸಿಗತ್ತೆ ಅಂತ ಕೇಳೋದು!"

ಎಲ್ಲರೂ ನಗುತ್ತಾರೆ. ನಾನು ನೆಲ ನೋಡುತ್ತೇನೆ.

ಕೊನೆಯ ನಿಲ್ದಾಣ ಕಿಟಕಿ. ಕೋಟೆಯ ನೆತ್ತಿಯ ಮೇಲೆ, ಸಮುದ್ರಕ್ಕೆ ತೆರೆದ ಒಂದು ಕಲ್ಲಿನ ಕಿಟಕಿ. ಅದರೊಳಗೆ ಒಬ್ಬರು ಕೂರುವಷ್ಟು ಜಾಗ. ಹಿಂದೆ ಅಲ್ಲಿ ಸುಂಕದವರು ಕೂತು ಬರುವ ಹಡಗು ಕಾಯುತ್ತಿದ್ದರಂತೆ. ಆದರೆ ಸುಂಕದವರ ಕಥೆ ಕೇಳಲು ಯಾರು ಅಷ್ಟು ಮೆಟ್ಟಿಲು ಹತ್ತುತ್ತಾರೆ? ಯಾವ ಕಾಲದ ಗೈಡೋ ಒಂದು ಕಥೆ ಕಟ್ಟಿದ. ಕಪ್ತಾನನೊಬ್ಬ ಹಡಗು ಹತ್ತಿ ಹೋದ. ಹೆಂಡತಿ ಈ ಕಿಟಕಿಯಲ್ಲಿ ಕೂತು ಕಾದಳು. ಅವನು ಬರಲೇ ಇಲ್ಲ. ಕಾದು ಕಾದು ಇಲ್ಲೇ ಪ್ರಾಣ ಬಿಟ್ಟಳು. ಈ ಕಲ್ಲು ಸವೆದಿರುವುದು ಅವಳ ಮೊಣಕೈಯಿಂದ. ಕೋಟೆಯ ಗೈಡುಗಳೆಲ್ಲ ಇದನ್ನೇ ಹೇಳಬೇಕು. ಮೇಲೆ ಜಾಗ ಚಿಕ್ಕದು, ಒಂದು ಗುಂಪು ಕಿಟಕಿಯ ಹತ್ತಿರ ಇದ್ದಾಗ ಇನ್ನೊಂದು ಮೆಟ್ಟಿಲಲ್ಲಿ ನಿಂತು ಕಾಯುತ್ತಿರುತ್ತದೆ, ಒಬ್ಬ ಗೈಡು ಹೇಳಿದ್ದು ಇನ್ನೊಬ್ಬನ ಗುಂಪಿಗೆ ಕೇಳಿಸುತ್ತದೆ. ಹಾಗಾಗಿ ಕಥೆಯಲ್ಲಿ ಯಾರೂ ಕೈಯಾಡಿಸುವುದಿಲ್ಲ.

ಅಪ್ಪ ಕೈಯಾಡಿಸಿದರು. ಹೋದ ವರ್ಷ, ಅಣ್ಣ ಹೋದ ಮೇಲೆ.

ಅಣ್ಣ ಪ್ರವಾಸಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಕೋಟೆಯನ್ನು ಸಮುದ್ರದ ಕಡೆಯಿಂದ ತೋರಿಸುತ್ತಿದ್ದ. ಒಂದು ಮಧ್ಯಾಹ್ನ ಗಾಳಿ ಕೆಟ್ಟಿತು. ದಂಡೆಯಲ್ಲಿ ಕಟ್ಟಿದ್ದ ಅವನ ದೋಣಿಯ ಹಗ್ಗ ಹರಿದು ಅದು ತೇಲಿಕೊಂಡು ಹೋಗುತ್ತಿತ್ತು. ಇನ್ನೊಬ್ಬರ ದೋಣಿ ತೆಗೆದುಕೊಂಡು ಅದನ್ನು ಹಿಡಿದು ತರಲು ಹೋದ. ಎರಡು ದೋಣಿಗಳೂ ಸಿಕ್ಕವು, ಒಂದು ಅಂಬಿಗರ ದಂಡೆಯಲ್ಲಿ, ಒಂದು ಬಂಡೆಗಳ ನಡುವೆ. ಅಣ್ಣ ಸಿಗಲಿಲ್ಲ. ಹುಡುಕುವವರು ಹುಡುಕಿದರು, ಆಮೇಲೆ ಅವರವರ ಕೆಲಸಕ್ಕೆ ಹೋದರು.

ಅಪ್ಪ ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಕಿಟಕಿಯ ಹತ್ತಿರ ಬಂದು, "ಕಾದಳು, ಕಾದಳು..." ಎಂದವರು ನಿಂತುಬಿಟ್ಟರು. ಆಮೇಲೆ ಅವರು ಮಾಮೂಲಿ ಧ್ವನಿಯಲ್ಲೇ, "ಒಂದು ದಿನ ಬೆಳಗ್ಗೆ ನೋಡ್ತಾಳೆ, ಹಾಯಿ ಕಾಣಿಸ್ತಿದೆ! ಗಂಡ ಬಂದ," ಎಂದರು. ಜನ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ದಿನಾ ಕಪ್ತಾನ ಬರುತ್ತಾನೆ.

ಅಮ್ಮನೂ ಬರುತ್ತಾಳೆ. ಸಂಜೆಯ ಕೊನೆಯ ಗುಂಪಿನ ಜೊತೆ ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು, ನನ್ನ ಪಕ್ಕ ಬಾಲಕ್ಕೊಂದು ಬಾಲವಾಗಿ ನಿಲ್ಲುತ್ತಾಳೆ. ಗಂಡ ಬಂದ ಎನ್ನುವುದು ಕಿವಿಗೆ ಬಿದ್ದ ಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು ಇಳಿಯುತ್ತಾಳೆ. ಅವಳನ್ನು ಆ ಆಸೆಯಿಂದ ಕೆಳಗಿಳಿಸುವವರು ಯಾರು? ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ.

ಉಳಿದ ಗೈಡುಗಳು ಬಹಳ ದಿನ ಸುಮ್ಮನಿದ್ದರು. ಕೊನೆಗೆ ಕೊಡೆಮಾವ ಬಾಯಿಬಿಟ್ಟರು. ಬಿಸಿಲಿರಲಿ ನೆರಳಿರಲಿ ಕೆಂಪು ಕೊಡೆ ಎತ್ತಿ ಹಿಡಿದೇ ಗುಂಪು ನಡೆಸುವ ಅವರಿಗೆ ಬೇರೆ ಹೆಸರೇ ಉಳಿದಿಲ್ಲ. ಚಹಾದ ಅಂಗಡಿಯ ಮುಂದೆ ಅಪ್ಪನನ್ನು ತಡೆದು ನಿಲ್ಲಿಸಿದರು.

"ಏನಣ್ಣಾ, ಒಂದೇ ಕಿಟಕಿ, ಒಬ್ಬಳೇ ಹೆಂಡತಿ. ನಿನ್ನ ಪಾಳಿಗೆ ಗಂಡ ಬರ್ತಾನೆ, ನನ್ನ ಪಾಳಿಗೆ ಕೈಕೊಡ್ತಾನೆ. ಪ್ರವಾಸಿಗಳು ಇಲ್ಲಿ ಕೂತು ಕಥೆ ತಾಳೆ ಹಾಕ್ತಾರಪ್ಪ! ನಿನ್ನೆ ಒಬ್ಬಳು ಅಜ್ಜಿ, ಪಾಪದ ಹುಡುಗೀನ ಯಾಕಯ್ಯಾ ಸಾಯಿಸ್ತೀಯ ಅಂತ ನನಗೇ ಬೈದ್ಲು."

"ನಿನ್ನ ಕೊಡೆ ದೂರದಿಂದ ನೋಡಿ ಕಪ್ತಾನ ಹೆದರಿ ಹಡಗು ತಿರುಗಿಸಿರಬೇಕು," ಎಂದರು ಅಪ್ಪ.

ಅಂಗಡಿಯವನೂ ನಕ್ಕ. ಕೊಡೆಮಾವ ನಗಲಿಲ್ಲ. ತಗ್ಗಿದ ದನಿಯಲ್ಲಿ, "ನಂಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ? ಆದರೂ ಎಷ್ಟು ದಿನ ಅಂತ?" ಎಂದರು. ಅಪ್ಪ ಲೋಟ ಅರ್ಧದಲ್ಲೇ ಇಟ್ಟು ಗುಂಪಿನ ಕಡೆ ನಡೆದರು.

ಇಷ್ಟೇ ಆಗಿದ್ದರೆ ಕಥೆ ಹೇಗಾದರೂ ಮುಗಿಯಲಿ, ನನಗೇನು ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಮನೆಯಲ್ಲಿ ಅತ್ತಿಗೆ ಇದ್ದಾಳೆ.

ಅತ್ತಿಗೆಗೂ ನನಗೂ ಈಗ ಒಂದೇ ಕೋಣೆ. ಅಣ್ಣ ಇದ್ದಾಗ ಅವರಿದ್ದ ಕೋಣೆಯನ್ನು ಅಪ್ಪ ಹಾಗೇ ಇಟ್ಟಿದ್ದಾರೆ. ಹಾಸಿಗೆಯ ಚಾದರವನ್ನು ಅವರೇ ಕೊಡವಿ ಹಾಸುತ್ತಾರೆ. ಅತ್ತಿಗೆ ಮದುವೆಗೆ ಮುಂಚೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಕಲಿತವಳು. ಬೇರೆ ಊರಿನ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಅಲ್ಲೇ ಅವಳ ಅಕ್ಕನ ಮನೆ. ಕರೆ ಬಂದ ರಾತ್ರಿ ಊಟ ಬಡಿಸುತ್ತ ಅವಳು ಕೇಳಿದ್ದು ಬರೀ ಎರಡು ಮಾತು: "ಮಾವ, ಹೋಗಲಾ?"

ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಅವನು ಬರಲಮ್ಮ, ಕೇಳಿ ನೋಡೋಣ," ಎಂದರು.

ಕೋಣೆಗೆ ಬಂದ ಮೇಲೆ ಅತ್ತಿಗೆ ಬಟ್ಟೆ ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಹೊರಟುಬಿಡು ಅತ್ತಿಗೆ," ಎಂದೆ. ಅವಳೊಬ್ಬಳ ಹತ್ತಿರ ನನಗೆ ಮಾತು ಬರುತ್ತದೆ. "ನಿನ್ನ ಕೈಕಾಲು ಕಟ್ಟಿಹಾಕಿದ್ದಾರಾ?"

"ಆಹಾ, ಬಂದಳಪ್ಪ ವೀರನಾರಿ. ಅಂಗಡಿಯವನು ಚಿಲ್ಲರೆ ಕಮ್ಮಿ ಕೊಟ್ಟರೂ ಕೇಳದೆ ಬರೋಳು!" ಎಂದು ನನ್ನ ಕೆನ್ನೆ ಹಿಂಡಿದಳು. ಆಮೇಲೆ ಅವಳ ನಗು ನಿಂತಿತು. "ಹೇಳದೆ ಹೋಗಬಹುದು ಕಣೇ. ಆದರೆ ಮಾವ ಅವರ ಬಾಯಿಂದ ಹೋಗಮ್ಮ ಅನ್ನದೆ ಹೋದರೆ, ನಾನೇ ಅವರನ್ನ ಮುಳುಗಿಸಿ ಹೋದ ಹಾಗೆ ಆಗತ್ತೆ. ಇವರಿಬ್ಬರೂ ಕಿಟಕಿಯಲ್ಲಿ ಕೂತು ಕಾಯ್ತಿರೋವಾಗ ನಾನು ಬೆನ್ನು ಹಾಕಿ ಹೇಗೆ ಹೋಗ್ಲಿ?"

ಆಸ್ಪತ್ರೆಯವರು ಕೊಟ್ಟ ಗಡುವು ಹತ್ತಿರ ಬಂತು. ಅಷ್ಟರಲ್ಲಿ ಅಪ್ಪನ ಗಂಟಲು ಪೂರ್ತಿ ಕಟ್ಟಿತು. ಧ್ವನಿ ಅನ್ನುವುದು ಬರೀ ಗಾಳಿಯಾಗಿ ಹೊರಬರುತ್ತಿತ್ತು. ಸಂಜೆಯ ಗುಂಪಿಗೆ ಮೊದಲೇ ಮಾತು ಕೊಟ್ಟಾಗಿತ್ತು. ಅಪ್ಪ ನನ್ನನ್ನು ತೋರಿಸಿ, ಕೈಯಲ್ಲಿ ತಲೆ ಮುಟ್ಟಿಕೊಂಡರು. ಇವತ್ತು ನೀನೇ ತಲೆ.

ಹೇಗೆ ಹೋದೆನೋ ಗೊತ್ತಿಲ್ಲ. ದೀಪಸ್ತಂಭದ ಹತ್ತಿರ ನನ್ನ ಮಾತು ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ ಹೇಳಮ್ಮ, ಇದೇನು ಗುಟ್ಟಾ?" ಎಂದರು ಒಬ್ಬರು ದಪ್ಪ ಕನ್ನಡಕದ ಯಜಮಾನರು. ಕಿವಿ ಬಿಸಿಯಾಯಿತು. ಫಿರಂಗಿಗಳ ಹತ್ತಿರ ತುಸು ಪರವಾಗಿಲ್ಲ ಅನ್ನಿಸಿತು. ಹಿಂದು ಹಿಂದಕ್ಕೆ ನಡೆಯುವ ಧೈರ್ಯ ಮಾಡಲಿಲ್ಲ.

ಕಿಟಕಿಯ ಹತ್ತಿರ ಬಂದಾಗ ಅಮ್ಮ ಎಂದಿನ ಜಾಗದಲ್ಲಿ ನಿಂತಿದ್ದಳು. ಪಕ್ಕದಲ್ಲಿ ನಾನಿಲ್ಲದ್ದರಿಂದ ಗೋಡೆ ಹಿಡಿದುಕೊಂಡಿದ್ದಳು. ಕೆಳಗೆ ಮೆಟ್ಟಿಲಲ್ಲಿ ಕೆಂಪು ಕೊಡೆ ಕಾಯುತ್ತಿತ್ತು. ಕಾದಳು, ಕಾದಳು ಎಂದೆ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದುದು ಕಣ್ಣಮುಂದೆ ಬಂತು. ಇವತ್ತು ಹೇಳಿಬಿಡಬೇಕು, ಅವನು ಬರಲಿಲ್ಲ ಎಂದು. ಅಮ್ಮನ ಮುಖ ನೋಡಿದೆ. ಆಗಲಿಲ್ಲ.

"ಒಂದು ದಿನ ಬೆಳಗ್ಗೆ ಹಾಯಿ ಕಾಣಿಸಿತು," ಎಂದೆ. "ಗಂಡ ಬಂದ."

ಚಪ್ಪಾಳೆ ಬಿತ್ತು. ಕನ್ನಡಕದ ಯಜಮಾನರು, "ಇದೊಂದು ಮಾತ್ರ ಸರಿಯಾಗಿ ಕೇಳಿಸ್ತು ನೋಡು," ಎಂದರು.

ಗುಂಪನ್ನು ಬಾಗಿಲವರೆಗೆ ಬಿಟ್ಟು ನಾನೂ ಅಮ್ಮನೂ ಇಳಿಜಾರಿನಲ್ಲಿ ಮನೆ ಕಡೆ ನಡೆದೆವು. ಅಂಗಡಿಯವರು ಶಂಖದ ಸರ, ಪುಟಾಣಿ ಹಡಗುಗಳನ್ನು ಒಳಗೆ ಎತ್ತಿಡುತ್ತಿದ್ದರು.

"ನೀನೂ ಹಾಗೇ ಹೇಳಿದೆಯಲ್ಲೇ," ಎಂದಳು ಅಮ್ಮ.

"ನಿನಗೆ ನೋವಾಗಬಾರದು ಅಂತ."

ಅಮ್ಮ ನಿಂತುಬಿಟ್ಟಳು. "ನನಗಾ? ಖಾಲಿ ದೋಣಿ ತಂದು ಕಟ್ಟಿದ ದಿನವೇ ನನ್ನ ಹೊಟ್ಟೆಗೆ ಗೊತ್ತಾಯ್ತು ಮಗಳೇ. ಹೆತ್ತವಳಿಗೆ ಕಥೆ ಹೇಳ್ತೀಯಾ?"

"ಮತ್ತೆ ದಿನಾ ಅಷ್ಟು ಮೆಟ್ಟಿಲು..."

"ಅವರು ಹೇಳ್ತಾರೆ, ನಾನು ಕೇಳ್ತೀನಿ. ನಾನೂ ಹೋಗದಿದ್ರೆ ಅವರು ಯಾರಿಗೆ ಅಂತ ಹೇಳ್ತಾರೆ? ನಾನು ನಂಬಿದೀನಿ ಅಂತಲೇ ಆ ಮನುಷ್ಯ ಎದ್ದು ಓಡಾಡ್ತಿದಾರೆ." ಮಂಡಿ ನೀವಿಕೊಂಡಳು. "ನಿನ್ನ ಅತ್ತಿಗೆಯ ಮುಖ ನೋಡಿದಾಗೆಲ್ಲ ಹೇಳಿಬಿಡೋಣ ಅನ್ನಿಸತ್ತೆ. ಅವರ ಮುಖ ನೋಡಿದರೆ ನಾಲಿಗೆ ಏಳಲ್ಲ."

ಉಳಿದ ದಾರಿಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡು ನಡೆದಳು. ಅವಳ ಕೈ ಇಷ್ಟು ಹಗುರವಾಗಿದ್ದು ಯಾವಾಗ ಎಂದು ನನಗೆ ತಿಳಿದಿರಲಿಲ್ಲ. ಅಪ್ಪ ಅಮ್ಮನಿಗಾಗಿ, ಅಮ್ಮ ಅಪ್ಪನಿಗಾಗಿ, ನಾನು ಇಬ್ಬರಿಗಾಗಿ. ಅತ್ತಿಗೆಗಾಗಿ ಯಾರೂ ಇಲ್ಲ.

ಮನೆಯಲ್ಲಿ ಅಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಎದುರಿಗೆ ಬಿಸಿನೀರಿನ ಲೋಟ. ನನ್ನನ್ನು ಕಂಡು ಹುಬ್ಬು ಹಾರಿಸಿದರು: ಹೇಗಾಯಿತು?

"ಚಪ್ಪಾಳೆ ತಟ್ಟಿದರು," ಎಂದಳು ಅಮ್ಮ. ಅಪ್ಪನ ಮುಖ ಅರಳಿತು. ನನ್ನ ಬೆನ್ನು ತಟ್ಟಿದರು.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಫೋನಿತ್ತು. "ಮಾವ, ಆಸ್ಪತ್ರೆಯವರು ಮತ್ತೆ ಫೋನ್ ಮಾಡಿದ್ದರು. ನಾಳೆ ಬೆಳಗ್ಗೆ ಹೇಳದಿದ್ದರೆ ಬೇರೆಯವರನ್ನ ತಗೊಳ್ತಾರಂತೆ."

ಅಪ್ಪ ಅಮ್ಮನ ಕಡೆ ಕಣ್ಣು ಹಾಯಿಸಿದರು, ಒಡೆಯುವ ಸಾಮಾನು ಎತ್ತಿಡುವಾಗ ನೋಡುವ ಹಾಗೆ. ಆಮೇಲೆ ಗಂಟಲಿಗೆ ಕೈಯಿಟ್ಟು, ತುಟಿಗಳಲ್ಲೇ, "ಅವನು ಬರಲಿ," ಎಂದರು.

ಅಮ್ಮ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅತ್ತಿಗೆ ಹೂಂ ಎಂದು ಒಳಗೆ ತಿರುಗಿದಳು. ಫೋನನ್ನು ಹಿಟ್ಟಿನ ಡಬ್ಬದ ಪಕ್ಕದಲ್ಲಿಟ್ಟು ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನೀರು ಸುಮ್ಮನೆ ಬೀಳುತ್ತಿತ್ತು, ಅವಳು ಏನನ್ನೂ ತೊಳೆಯುತ್ತಿರಲಿಲ್ಲ.

ನಾನು ಅಪ್ಪನ ಮುಂದೆ ನೆಲದ ಮೇಲೆ ಕೂತೆ. ಅಪ್ಪ ಬಗ್ಗಿ ನೋಡಿದರು, ಏನು ಪುಟ್ಟಿ ಎನ್ನುವಂತೆ.

"ಅಪ್ಪಾ," ಎಂದೆ. ಅಡುಗೆಮನೆಯವರೆಗೂ ಕೇಳಿಸುವಷ್ಟು ಜೋರಾಗಿಯೇ ಎಂದೆ. "ಅಣ್ಣ ಸತ್ತುಹೋಗಿದ್ದಾನೆ."