ನಾಲ್ಕನೇ ಲೈನಿನ ಜೋಲಿ

“ಏನೇ ಇದು? ಕರು ಸತ್ತ ಹಸು ಥರ ಸೋರಿಸ್ಕೊಂಡು ಕೂತಿದೀಯಲ್ಲ. ಪೀಸ್ ಮೇಲೆ ಕಲೆ ಬಿದ್ರೆ ನಿಮ್ಮಪ್ಪ ಬಂದು ತೊಳೀತಾನ?”

ಸೂಪರ್‌ವೈಸರ್ ಸುನೀಲ್ಕುಮಾರ್ ಅರ್ಧ ಹೊಲಿದ ಬಿಳಿ ಅಂಗಿಯನ್ನು ಪ್ರಮೀಳಾಳ ಮುಖದ ಮುಂದೆ ಹಿಡಿದ. ಕಾಲರಿನ ಕೆಳಗೆ ಬೊಟ್ಟಿನಷ್ಟು ಒದ್ದೆ. ಅವಳ ಏಪ್ರನ್ನಿನ ಎದೆಯ ಮೇಲೂ ಒದ್ದೆ ಹರಡಿತ್ತು. ನಾಲ್ಕನೇ ಲೈನಿನ ನಲವತ್ತು ಮಿಷನ್‌ಗಳಲ್ಲಿ ಒಂದೂ ನಿಲ್ಲಲಿಲ್ಲ.

“ಹತ್ತು ನಿಮಿಷ ಬುಡಿ ಸಾ. ಬಾತ್ರೂಮಲ್ಲಿ ಹಿಂಡ್ಬುಟ್ಟು ಬತ್ತೀನಿ.”

“ಬೋರ್ಡ್ ಎಲ್ಲಿದೆ ನೋಡು ಮೊದ್ಲು.”

ಬಾತ್ರೂಮಿಗೆ ಹೋಗುವವರು ಕೊರಳಿಗೆ ಹಾಕಿಕೊಳ್ಳುವ ಹಳದಿ ಬೋರ್ಡು ಲೈನಿಗೆ ಒಂದೇ. ಅದು ಆಗ ಇನ್ಯಾರದೋ ಕೊರಳಲ್ಲಿತ್ತು. ಅದು ವಾಪಸು ಬರುವತನಕ ಯಾರೂ ಏಳುವಂತಿಲ್ಲ.

“ಗಂಟೆಗೆ ತೊಂಬತ್ತು ಕಾಲರ್. ನಿಂದು ಅರವತ್ತೆರಡಾಗಿದೆ. ಹಾಲು ಕರೆಯೋ ಚಟ ಇದ್ರೆ ಡೇರಿಗೆ ಹೋಗು.”

ಅವನು ಆಚೆ ಹೋದ ಮೇಲೆ ಪಕ್ಕದ ಮಿಷನ್ನಿನ ಭಾವನಾ ತಲೆ ಎತ್ತದೆಯೇ ಕರವಸ್ತ್ರವೊಂದನ್ನು ಮೇಜಿನ ಕೆಳಗಿಂದ ದಾಟಿಸಿದಳು.

“ಒಳೀಕೆ ಮಡೀಕ. ಮುಂಡೇಮಗ ಅವ್ನವ್ವನ ಆಲು ಕಂಡೇ ಇಲ್ಲ ಕಣೆ. ಡಬ್ಬಿ ಪೌಡ್ರಲ್ಲಿ ಬೆಳ್ದವ್ನೆ.”

ಪ್ರಮೀಳಾಗೆ ನಗು ಬಂತು. ನಕ್ಕಾಗ, ಹಾಲು ಕಟ್ಟಿ ಕಲ್ಲಾಗಿದ್ದ ಎದೆಗೆ ಇನ್ನಷ್ಟು ನೋವಾಯಿತು.

ಕಾರ್ಖಾನೆಯ ಬಸ್ಸು ಊರಿಗೆ ಬಿಟ್ಟಾಗ ಸಂಜೆ ಏಳು. ಅತ್ತೆ ಮಲ್ಲಾಜಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯಲ್ಲೇ ಕಾಯುತ್ತಿದ್ದಳು. ಐದು ತಿಂಗಳ ಹೆಣ್ಣುಕೂಸು. ಅತ್ತೂ ಅತ್ತೂ ದನಿ ಒಡೆದಿತ್ತು. ಮನೆಯ ತನಕ ತಡೆಯಲಾಗದೆ ಪ್ರಮೀಳಾ ಮೋರಿಕಟ್ಟೆಯ ಮೇಲೆ ಕೂತು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬಾಟ್ಲಿ ಕಂಡ್ರೆ ಮಕ ತಿರುಗಿಸ್ತದೆ ಕಣವ್ವ,” ಅಂದಳು ಮಲ್ಲಾಜಮ್ಮ. “ಅಂಗನವಾಡೀಲಿ ತೂಕ ಆಕುದ್ರು. ಓದ್ ತಿಂಗ್ಳಿಗಿಂತ ಮುನ್ನೂರು ಗ್ರಾಂ ಕಮ್ಮಿ ಆಗದೆ. ಇಂಗೇ ಎದೆ ಕಟ್ಕೊಂಡು ಕುಂತಿದ್ರೆ ನಿಂಗೂ ಬತ್ತೋಯ್ತದೆ.”

“ಕೆಲ್ಸ ಬುಟ್ಬುಡ್ಲಾ?”

“ಬುಟ್ಟು ಎಲ್ಲಿಗೋದೀಯೆ? ನಾ ಕೂಲಿಗೋಯ್ತಿದ್ದ ನಂಜಣ್ಣನ ಒಗೆಸೊಪ್ಪಿನ ಒಲ ಇತ್ತು, ಅದ್ನೇ ತಾನೆ ನಿಮ್ ಪ್ಯಾಕ್ಟ್ರಿಗೆ ಮಾರ್ಕಂಡಿದ್ದು. ನಿನ್ ಗಂಡನ್ನ ಅಲ್ಲೇ ಒಂಗೆ ಮರಕ್ಕೆ ಜೋಲಿ ಕಟ್ಟಿ ಮಲುಗಿಸ್ತಿದ್ದೆ. ಈಗ ಆ ಜಾಗ್ದಲ್ಲಿ ಜನರೇಟ್ರು ಗುಂಯ್ಗುಡ್ತದೆ.”

“ನಂಜಣ್ಣ ಸುಮ್ಕಿರ್ತಿದ್ನಾ?”

“ಅವ್ನಾ? ಬಾಯಿ ಬುಟ್ರೆ ಬಚ್ಚಲು. ಒಂದ್ಸಲ ಎಲೆ ಸೀದೋಯ್ತು ಅಂತ ಬಾರುಕೋಲಲ್ಲಿ ಬುಟ್ಟಿದ್ದ ನಂಗೆ.” ಬೆನ್ನಿನ ಕಡೆ ಕೈ ಹೋಯಿತು. “ಆದ್ರೆ ಮೊಗ ಮಲಗಿರೋ ಜೋಲಿ ಮುಟ್ತಿರ್ನಿಲ್ಲ. ಯಾರೂ ಮುಟ್ತಿರ್ನಿಲ್ಲ.”

ಎರಡು ದಿನ ಕಳೆದು ಆಫೀಸಿನ ಆಶಾರಾಣಿ ಮೇಡಂ ಲೈನಿಗೇ ಬಂದಳು. ಪ್ರಮೀಳಾಳ ಹೆಗಲ ಮೇಲೆ ಕೈಯಿಟ್ಟಳು.

“ನಾಳೆ ಪಾಪು ಕರ್ಕೊಂಡು ಬಾಮ್ಮ. ಮಕ್ಕಳ ರೂಮ್ ಓಪನ್ ಮಾಡ್ತಿದೀವಿ. ಒಳ್ಳೆ ಬಟ್ಟೆ ಹಾಕಿರು.”

ಮಕ್ಕಳ ಕೋಣೆ ಎಂದು ಬೋರ್ಡಿದ್ದ ಆ ಬಾಗಿಲೊಳಗೆ ಆರು ತಿಂಗಳಿಂದ ರಟ್ಟಿನ ಪೆಟ್ಟಿಗೆಗಳಿದ್ದವು. ಮರುದಿನದ ಹೊತ್ತಿಗೆ ಗೋಡೆಯ ಮೇಲೆ ಮೊಲಗಳು ಬಂದಿದ್ದವು. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ನಡುವೆ ಹೊಸ ಕಬ್ಬಿಣದ ತೊಟ್ಟಿಲು. ಸುನೀಲ್ಕುಮಾರ್ ಅದನ್ನು ಕಾಲಿನಿಂದ ನೂಕಿ, ಸರಿಯಾಗಿ ಆಡುತ್ತದೆಯೇ ಎಂದು ನೋಡುತ್ತಿದ್ದ.

“ಖಾಲಿ ತೊಟ್ಲು ತೂಗಬಾರ್ದು ಸಾ,” ಅಂದಳು ಪ್ರಮೀಳಾ. “ಕೂಸಿಗಾಗಲ್ಲ.”

“ಯಾಕೆ, ದೆವ್ವ ಬಂದು ಮಲಗುತ್ತಾ?” ಮತ್ತೊಮ್ಮೆ ನೂಕಿದ.

ಅಂಗಿ ಕೊಳ್ಳುವ ಕಂಪನಿಯವರು ಹನ್ನೊಂದಕ್ಕೆ ಬಂದರು. ಒಬ್ಬಾಕೆ ಕೂಸಿನ ಕೆನ್ನೆ ಮುಟ್ಟಿ ಫೋಟೋ ತೆಗೆದುಕೊಂಡಳು. ಅವತ್ತು ಪ್ರಮೀಳಾ ಎರಡು ಸಲ ಎದ್ದು ಹೋಗಿ ಹಾಲು ಕೊಟ್ಟು ಬಂದಳು. ಹಳದಿ ಬೋರ್ಡು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗಂಟೆಗೆ ತೊಂಬತ್ತನಾಲ್ಕು ಕಾಲರ್ ಹೊಲಿದಳು. ಮೂರಕ್ಕೆ ಕಾರುಗಳು ಹುಣಸೂರಿನ ಕಡೆ ಹೊರಟವು. ಮೂರೂ ಹತ್ತಕ್ಕೆ ಆಶಾರಾಣಿ ಕೋಣೆಗೆ ಬೀಗ ಹಾಕಿದಳು.

“ನಾಳೆ ಕರ್ಕೊಂಡು ಬರಬೇಡಮ್ಮ. ಮುಂದಿನ ಸಲ ಹೇಳ್ತೀವಿ.”

“ಮುಂದ್ಲ ಸಲ ಯಾವಾಗ ಮೇಡಂ?”

“ಅವ್ರು ಬರೋದು ಆರು ತಿಂಗಳಿಗೊಮ್ಮೆ.”

“ಅಷ್ಟೊತ್ಗೆ ಅದ್ಕೆ ಅಲ್ಲು ಬಂದಿರ್ತದಲ್ಲ ಮೇಡಂ.”

ಆಶಾರಾಣಿ ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಪ್ರಮೀಳಾ ಬುತ್ತಿಚೀಲದ ತಳದಲ್ಲಿ ಅತ್ತೆಯ ಹಳೇ ಕೈಮಗ್ಗದ ಸೀರೆಯನ್ನು ಮಡಚಿಟ್ಟುಕೊಂಡಳು. ಮಲ್ಲಾಜಮ್ಮ ಕೂಸಿನ ಕಾಲಿಗೆ ಕಾಡಿಗೆಯ ಬೊಟ್ಟಿಟ್ಟು ಕೈಗೆ ಕೊಟ್ಟಳು.

ಗೇಟಿನ ಸೋಮಯ್ಯ ಕೂಸನ್ನು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. “ನೆನ್ನೆ ಬುಡು ಅಂತ ಚೀಟಿ ಕೊಟ್ರು. ಇವತ್ತು ಬುಡಬ್ಯಾಡ ಅಂತ ಯಾರೂ ಕೊಟ್ಟಿಲ್ಲ. ಓಗವ್ವ.”

ಮಕ್ಕಳ ಕೋಣೆಯ ಬೀಗವನ್ನು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ ಸೀದಾ ಲೈನಿಗೆ ಬಂದು, ಕೂಸನ್ನು ಭಾವನಾಳ ತೊಡೆಗೆ ಹಾಕಿ, ಸ್ಟೂಲು ಹತ್ತಿದಳು. ಮಿಷನ್‌ಗಳ ಮೇಲೆ ಉದ್ದಕ್ಕೂ ಹಾದ ಕಬ್ಬಿಣದ ಪೈಪಿಗೆ ಸೀರೆಯ ಎರಡು ತುದಿಗಳನ್ನು ಗಂಟು ಹಾಕಿದಳು. ಎರಡೂ ಕೈಯಲ್ಲಿ ಜೋತುಬಿದ್ದು ಭಾರ ನೋಡಿದಳು. ಕೂಸನ್ನು ಮಲಗಿಸಿ ಮಿಷನ್ನಿಗೆ ಕೂತಳು. ಬಲಗೈ ಕಾಲರ್ ತಿರುಗಿಸುತ್ತಿತ್ತು. ನಡುನಡುವೆ ಎಡಗೈ ಜೋಲಿ ತೂಗುತ್ತಿತ್ತು. ಮಿಷನ್‌ಗಳ ಗದ್ದಲದಲ್ಲೇ ಕೂಸು ನಿದ್ದೆ ಹೋಯಿತು.

“ಯಾವಳೇ ಇದು ಕಟ್ಟಿದ್ದು?” ಸುನೀಲ್ಕುಮಾರ್ ಓಡುತ್ತಾ ಬಂದ. “ಪ್ಯಾಕ್ಟ್ರಿ ಅಂದ್ಕೊಂಡಿದೀಯಾ, ನಿಮ್ ಹಟ್ಟಿ ಅಂದ್ಕೊಂಡಿದೀಯಾ? ಬಿಚ್ಚೇ.”

“ರೂಮಿಗೆ ಬೀಗ ಆಕವ್ರೆ ಸಾ. ತೆಗಸಿ, ಬಿಚ್ತೀನಿ.”

“ಎದುರು ಮಾತಾಡ್ತೀಯಾ ಲೌಡಿ? ಶಿವನಂಜಪ್ಪ, ಏಣಿ ತಾರೋ.”

ಎಲೆಕ್ಟ್ರಿಷಿಯನ್ ಶಿವನಂಜಪ್ಪ ಏಣಿ ತಂದು ನಿಲ್ಲಿಸಿದ. ಎರಡು ಮೆಟ್ಟಿಲು ಹತ್ತಿ ಜೋಲಿಯೊಳಗೆ ಇಣುಕಿದ. ಹಾಗೇ ಇಳಿದ.

“ಮೊಗ ಮಲಗದೆ ಸಾ.”

“ಮಲಗಿದ್ರೆ? ಬಿಚ್ಚೋ.”

“ನಮ್ ಕಡೆ ಅಂಗೆ ಬಿಚ್ಚಲ್ಲ ಕಣ್ರೀ ಸಾ. ನೀವೇ ಅತ್ತಿ.” ಏಣಿ ಬಿಟ್ಟು ಅವನು ಕಂಬದ ಪಕ್ಕಕ್ಕೆ ಹೋಗಿ ನಿಂತ.

ಒಂದು ಮಿಷನ್ ನಿಂತಿತು. ಅದರ ಹಿಂದಿನದು ನಿಂತಿತು. ನಲವತ್ತೂ ನಿಲ್ಲುವ ಹೊತ್ತಿಗೆ ಆಚೆಯ ಜನರೇಟರಿನ ಸದ್ದೊಂದೇ ಕೇಳುತ್ತಿತ್ತು.

“ಹೊಲೀರೇ! ಸಂಬ್ಳ ಯಾರಪ್ಪ ಕೊಡ್ತಾನೆ?”

ಯಾರ ಕಾಲೂ ಪೆಡಲಿಗೆ ಹೋಗಲಿಲ್ಲ. ಸುನೀಲ್ಕುಮಾರ್ ತಾನೇ ಏಣಿ ಹತ್ತಿದ. ಒಂದು, ಎರಡು, ಮೂರು. ಗಂಟು ಅವನ ಬೆರಳಿಗೆ ಸಿಕ್ಕಿತು. ಪ್ರಮೀಳಾ ಹಾಕಿದ್ದು ಹೊಗೆಸೊಪ್ಪಿನ ಹೊರೆ ಕಟ್ಟುವ ಗಂಟು, ಎಳೆದಷ್ಟೂ ಬಿಗಿಯುವಂಥದು. ಅವನು ಏಣಿ ಹಿಡಿದಿದ್ದ ಕೈಯನ್ನೂ ಬಿಡಿಸಿ ಗಂಟಿಗೆ ಹಾಕಿದ. ಏಣಿ ಅಲುಗಿತು. ಕೆಳಗೆ ನೋಡಿದ.

ಏಣಿಯ ಒಂದು ಕಾಲನ್ನು ಭಾವನಾ ಹಿಡಿದಿದ್ದಳು. ಇನ್ನೊಂದನ್ನು ಪ್ರಮೀಳಾ. ಅವಳ ಎದೆಯ ಮೇಲೆ ಒದ್ದೆ ಹರಡುತ್ತಿತ್ತು. ಉಳಿದವರು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು.

“ಬಿಚ್ಚಿ ಸಾ,” ಅಂದಳು ಪ್ರಮೀಳಾ, ಕೂಸು ಎಚ್ಚರವಾಗದಷ್ಟು ಮೆಲ್ಲಗೆ. “ನಾವು ಇಡ್ಕೊಂಡಿದೀವಿ.”