ಎರಡು ಕಾಲಂ ಸನ್ಮಾನ

ಪೇಟ ಬಿಗಿಯಾಗಿತ್ತು. ಯಾರ ತಲೆಯ ಅಳತೆಗೋ ಕಟ್ಟಿದ ಬಾಡಿಗೆ ಪೇಟ, ಹಣೆಯ ಸುತ್ತ ತುರಿಸುತ್ತಿತ್ತು. ವೇದಿಕೆಯ ಮೇಲೆ ಕೂತವನು ತಲೆ ಕೆರೆದುಕೊಳ್ಳುವಂತಿಲ್ಲವಲ್ಲ. ಶಿವಯೋಗಿ ಕೈ ಕಟ್ಟಿಕೊಂಡು ಕೂತ.

ಭದ್ರಾವತಿಯ ಆ ಸಮುದಾಯ ಭವನ ಅರ್ಧ ತುಂಬಿತ್ತು. ಮೈಕಿನ ಮುಂದೆ ಷಣ್ಮುಖಪ್ಪ ನಿಂತಿದ್ದರು. ಮಾಚೇನಹಳ್ಳಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯ ಮಾಲೀಕರು. ಶಿವಯೋಗಿಗೆ ಇವತ್ತು ಸಿಕ್ಕ ‘ವರ್ಷದ ಯುವ ಪತ್ರಕರ್ತ’ ಪ್ರಶಸ್ತಿಯ ಪ್ರಾಯೋಜಕರೂ ಅವರೇ.

“ಈ ಹುಡುಗ ನಮ್ಮ ಕಾರ್ಖಾನೆ ಮೇಲೇ ಬರೆದ. ಕೆಲಸಗಾರರಿಗೆ ಸುರಕ್ಷತೆ ಇಲ್ಲ ಅಂತ. ನಂಗೇನು ಬೇಜಾರಿಲ್ಲ. ಇಂಥೋರು ಬೇಕು ನಮ್ಮ ಜಿಲ್ಲೆಗೆ.”

ಚಪ್ಪಾಳೆ ಬಿತ್ತು. ಶಿವಯೋಗಿಗೆ ಮೈ ಜುಮ್ಮೆಂದಿತು. ಜುಮ್ಮೆಂದಿದ್ದಕ್ಕೆ ಮರುಕ್ಷಣ ಅಸಹ್ಯವಾಯಿತು. ಆಮಂತ್ರಣದಲ್ಲಿ ಷಣ್ಮುಖಪ್ಪನವರ ಹೆಸರು ನೋಡಿದ ದಿನವೇ ಬೇಡ ಎನ್ನಬಹುದಿತ್ತು. ಆದರೆ ತನ್ನ ಹೆಸರು ಅವರದ್ದಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು.

ಜೇಬಿನಲ್ಲಿ ಎರಡನೆಯ ವರದಿ ಇತ್ತು. ಮೂರ್ತಪ್ಪ ಎಂಬವನ ಬಲಗೈ ಅದೇ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಅವನು ತಮ್ಮ ಕೆಲಸಗಾರನೇ ಅಲ್ಲ ಎಂದು ಕಾರ್ಖಾನೆ ಸಾಧಿಸುತ್ತಿತ್ತು. ಜೊತೆಗೆ ದುಡಿದ ಇಬ್ಬರು ಧೈರ್ಯ ಮಾಡಿ, ಹೆಸರು ಹಾಕಿಯೇ ಬರೆಯಿರಿ ಎಂದಿದ್ದರು. ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಬೆಳಿಗ್ಗೆ ಪೇಪರಿನಲ್ಲಿ ಬಂದುಬಿಟ್ಟರೆ ಆ ಇಬ್ಬರು ಮಾತು ತಿರುಗಿಸುವಂತಿಲ್ಲ. ಬರದಿದ್ದರೆ ಖಂಡಿತ ತಿರುಗಿಸುತ್ತಾರೆ, ಅವರಿಗೂ ಹೊಟ್ಟೆಪಾಡಿದೆ.

“ಅಭಿಮಾನಿಗಳು ಹಾರ ಹಾಕಬಹುದು” ಎಂದ ನಿರೂಪಕ.

ಅಭಿಮಾನಿಗಳು ಎಂದರೆ ಪ್ರೆಸ್‌ನೋಟು ಕೊಡುವವರು. ನಾಳೆ ಅವರವರ ಸಂಘದ ಸುದ್ದಿಯೂ ಬರಬೇಕಲ್ಲ. ಸಾಲಿನ ಕೊನೆಯಲ್ಲಿ ಮೂರ್ತಪ್ಪ ನಿಂತಿದ್ದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಶರ್ಟಿನ ಖಾಲಿ ಬಲತೋಳನ್ನು ಮಡಿಚಿ ಪಿನ್ನು ಹಾಕಿತ್ತು. ಎಡಗೈಯಲ್ಲಿ ಸೇವಂತಿಗೆ ಹಾರ.

ಒಂದೇ ಕೈಯಲ್ಲಿ ಹಾರ ಹಾಕಲಾಗುವುದಿಲ್ಲ ಎಂಬುದು ಅವನಿಗೆ ವೇದಿಕೆ ಹತ್ತಿದ ಮೇಲೆ ಹೊಳೆದಿರಬೇಕು. ಒಂದು ತುದಿ ಜೋತುಬಿತ್ತು. ಶಿವಯೋಗಿ ಬಗ್ಗಿದ. ಪೇಟ ಅಡ್ಡ ಬಂತು. ಷಣ್ಮುಖಪ್ಪ ತಾವೇ ಎದ್ದು ಬಂದು ಇನ್ನೊಂದು ತುದಿ ಹಿಡಿದರು.

“ಹಂಗೇ ಇರಿ ಸಾರ್” ಎಂದ ಫೋಟೊಗ್ರಾಫರ್.

“ಯಾರಪ್ಪ ಇವ್ರು, ಶಿವಯೋಗಿ?” ಷಣ್ಮುಖಪ್ಪ ಕ್ಯಾಮೆರಾದ ಕಡೆ ನೋಡುತ್ತಲೇ ಕೇಳಿದರು. ಗೊತ್ತಿದ್ದೇ ಕೇಳಿದರೋ, ನಿಜವಾಗಿ ಗೊತ್ತಿರಲಿಲ್ಲವೋ.

ಮೈಕು ಹತ್ತಿರದಲ್ಲೇ ಇತ್ತು. ‘ನಿಮ್ಮ ಕೆಲಸಗಾರ’ ಎಂದಿದ್ದರೆ ಸಭೆಗೆಲ್ಲ ಕೇಳಿಸುತ್ತಿತ್ತು.

“ಪರಿಚಯದವರು” ಎಂದ ಶಿವಯೋಗಿ.

ಮೂರ್ತಪ್ಪ ತಬ್ಬಿಬ್ಬಾಗಿ ನಕ್ಕ. “ಹೌದು ಸಾರ್, ಪರಿಚಯ.”

ಫ್ಲ್ಯಾಶ್ ಮಿಂಚಿತು. ಇಳಿಯುವ ಮುಂಚೆ ಮೂರ್ತಪ್ಪ ಶಿವಯೋಗಿಯ ಕಿವಿಯ ಹತ್ತಿರ ಬಂದ.

“ನಾಳೆ ಬರ್ತದಲ್ಲ ಸಾರ್?”

“ಬರುತ್ತೆ.”

“ನೀವೀಗ ದೊಡ್ಡೋರಾದ್ರಿ. ಇನ್ನು ನಿಮ್ಮ ಮಾತು ನಡೀತದೆ ಬಿಡಿ.”

ಸಭೆ ಮುಗಿದು ಹೊರಡುವಾಗ ಸಂಘಟಕನೊಬ್ಬ ಸಂಕೋಚದಿಂದ ತಡೆದ. “ಸಾರ್, ಪೇಟ... ಅಂಗಡಿಗೆ ವಾಪಸ್ ಕೊಡ್ಬೇಕು.” ಶಿವಯೋಗಿ ಬಿಚ್ಚಿ ಕೊಟ್ಟ. ಹಣೆಯ ಮೇಲೆ ಗೆರೆ ಉಳಿದಿತ್ತು.

ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದವರು ಶಾಲು, ಹಣ್ಣಿನ ಬುಟ್ಟಿ ನೋಡಿ ಸರಿದು ಜಾಗ ಕೊಟ್ಟರು. ಅದೂ ಹಿತವಾಗಿಯೇ ಇತ್ತು. ಮಾಚೇನಹಳ್ಳಿ ಬಂದಾಗ ಅವನು ಬುಟ್ಟಿಯ ಪ್ಲಾಸ್ಟಿಕ್ ಹಾಳೆಯನ್ನು ಸರಿಮಾಡಿದ.

“ಬಾ ಮಾರಾಯ” ಎಂದರು ಪತ್ರಿಕೆಯ ಕಚೇರಿಯಲ್ಲಿ ಕಾಯುತ್ತಿದ್ದ ಸಂಪಾದಕ ಯಜ್ಞನಾರಾಯಣ. “ಮೂರನೇ ಪುಟದಲ್ಲಿ ಜಾಗ ಇಟ್ಟಿದೀನಿ. ಬೇಗ ಬರ್ಕೊಡು.”

ತನ್ನ ಸನ್ಮಾನದ ಸುದ್ದಿಯನ್ನು ತಾನೇ ಬರೆದುಕೊಳ್ಳುವುದು ಆ ಪತ್ರಿಕೆಯ ಪದ್ಧತಿ. ಬೇರೆ ಯಾರಿದ್ದಾರೆ ಬರೆಯುವುದಕ್ಕೆ.

“ಸಾರ್, ಮೂರ್ತಪ್ಪಂದು...”

ಅವರು ವರದಿಯನ್ನು ಪೂರ್ತಿ ಓದಿದರು. “ಚೆನ್ನಾಗಿದೆ. ಇರೋದು ಒಂದೇ ಜಾಗ. ಇದನ್ನ ಹಾಕು ಅಂದ್ರೆ ಸನ್ಮಾನ ತೆಗೀತೀನಿ. ಅವರ ಕೈಲಿ ಶಾಲು ಹೊದ್ಕೊಂಡು ಬಂದೋನು ನೀನು. ನೀನೇ ಹೇಳು.”

ಇವರು ಬೈದು, ಆಗುವುದಿಲ್ಲ ಎಂದಿದ್ದರೆ ಎಷ್ಟು ಸಲೀಸಾಗಿತ್ತು. ಹೊಳಲೂರಿನಲ್ಲಿ ಅಮ್ಮ ನಾಳೆಯ ಪೇಪರಿನ ವಿಷಯ ಓಣಿಗೆಲ್ಲ ಹೇಳಿಟ್ಟಿದ್ದಳು. ಅಮ್ಮನ ನೆಪ ಸಿಕ್ಕಿತಲ್ಲ ಎಂದು ಶಿವಯೋಗಿಗೆ ಅಳು ಬರುವ ಹಾಗಾಯಿತು. ಪೆನ್ನಿನ ಕ್ಯಾಪು ತೆಗೆದ.

‘ಸನ್ಮಾನ ಸ್ವೀಕರಿಸಿ ಮಾತನಾಡಿದ ಶಿವಯೋಗಿ, ಈ ಪ್ರಶಸ್ತಿ ತಮ್ಮ ಜವಾಬ್ದಾರಿಯನ್ನು ಹೆಚ್ಚಿಸಿದೆ ಎಂದರು.’

ಅವನು ಹಾಗೆ ಹೇಳಿರಲಿಲ್ಲ. ಎಲ್ಲರಿಗೂ ವಂದನೆ ಎಂದಷ್ಟೇ ಹೇಳಿ ಕೂತಿದ್ದ. ಆದರೆ ಅವನು ಇದುವರೆಗೆ ಬರೆದ ಎಲ್ಲ ಸನ್ಮಾನಗಳಲ್ಲೂ ಎಲ್ಲರೂ ಹಾಗೆಯೇ ಹೇಳಿದ್ದರು.

ಪುಟ ಅಂಟಿಸುವ ಕರಿಯಪ್ಪ ಒಳಗಿನಿಂದ ಕೂಗಿದ. “ಫೋಟೊ ಮೂರು ಕಾಲಂ ಐತೆ, ಜಾಗ ಎರಡೇ. ಈ ಕಡೀಗೆ ನಿಂತೋರು ಯಾರು ಸಾರ್? ಬೇಕಾದವ್ರಾ?”

ಶಿವಯೋಗಿ ಮೇಜಿನ ಹತ್ತಿರ ಹೋಗಿ ನಿಂತ. ಫೋಟೊದಲ್ಲಿ ಮೂರ್ತಪ್ಪ ಮಾತ್ರ ಕ್ಯಾಮೆರಾ ಬಿಟ್ಟು, ಹಾರಕ್ಕೆ ಬಗ್ಗಿದ್ದ ಇವನನ್ನೇ ನೋಡುತ್ತಿದ್ದ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ತೆರೆದವನು ಹಣೆಯ ಮೇಲಿನ ಗೆರೆಯನ್ನು ಉಜ್ಜಿಕೊಂಡ.

ಕರಿಯಪ್ಪ ಸ್ವಲ್ಪ ಕಾದು, ಸ್ಕೇಲು ಇಟ್ಟು ಬ್ಲೇಡು ಎಳೆದ. ಮುಖ, ಇಸ್ತ್ರಿ ಶರ್ಟು, ಪಿನ್ನು ಹಾಕಿದ ತೋಳು ಒಂದೇ ಪಟ್ಟಿಯಾಗಿ ಮೇಜಿನ ಕೆಳಗೆ ಬಿತ್ತು.

“ಒಂದು ಕೈ ಉಳ್ಕಂತು. ಅದನ್ನೂ ತೆಗದ್ರೆ ಹಾರ ಬಿದ್ದೋದಂಗೆ ಕಾಣ್ತದೆ.”

“ಇರಲಿ” ಎಂದ ಶಿವಯೋಗಿ.

ಅಂಟು ಹಚ್ಚಿ ಕೂರಿಸಿದರು. ಪೇಟ ತೊಟ್ಟು ತಲೆ ತಗ್ಗಿಸಿದ್ದ ಅವನ ಕುತ್ತಿಗೆಯ ಪಕ್ಕದಲ್ಲಿ, ಮಣಿಕಟ್ಟಿನ ತನಕ ಮಾತ್ರ ಇದ್ದ ಆ ಎಡಗೈ ಹಾರವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.